ಇಂಗ್ಲಿಷ್ ಕಲಿಸೋಕೆ ಟೆಕ್ನಾಲಜಿ: ಏನನ್ನ, ಯಾವಾಗ, ಹೇಗೆ ಬಳಸಬೇಕು

"ಇಂಗ್ಲಿಷ್ ಕಲಿಸೋಕೆ ಯಾವ ಆ್ಯಪ್ ಒಳ್ಳೇದು?" ಇಂಗ್ಲಿಷ್ ಮೇಷ್ಟ್ರುಗಳ ನಡುವೆ ಜಾಸ್ತಿ ಓಡಾಡುವ ಪ್ರಶ್ನೆ ಇದು. ಇಲ್ಲಿಂದ ಶುರು ಮಾಡಿದರೆ ಸ್ವಲ್ಪ ದಿನಕ್ಕೆ ಫೋನ್ ತುಂಬ ಆ್ಯಪ್ ಇರುತ್ತವೆ. ತರಗತಿಯಲ್ಲಿ ಬಾಯಿ ಬಿಡುವವರು ಮಾತ್ರ ಅದೇ ನಾಲ್ಕು ಜನ.

ಒಂದು ಸಣ್ಣ ಲೆಕ್ಕ ಹಾಕಿ. 40 ಜನರ ತರಗತಿ, 45 ನಿಮಿಷದ ಪಾಠ. ಅದರಲ್ಲಿ 25 ನಿಮಿಷ ನೀವೇ ಮಾತಾಡಿದಿರಿ ಅಂದುಕೊಳ್ಳಿ. ಉಳಿದ 20 ನಿಮಿಷವನ್ನು ಸಮನಾಗಿ ಹಂಚಿದರೂ ತಲೆಗೆ ಅರ್ಧ ನಿಮಿಷ. ಮನೆಯಲ್ಲೂ ಹೊರಗೂ ಇಂಗ್ಲಿಷ್ ಕಿವಿಗೆ ಬೀಳದ ಕಡೆ ಆ ಅರ್ಧ ನಿಮಿಷವೇ ಇಡೀ ದಿನದ ಇಂಗ್ಲಿಷ್. ಹಾಗಾಗಿ ಯಾವುದೇ ಹೊಸ ಟೂಲ್ ಕಂಡಾಗ ನಾನು ಕೇಳುವುದು ಎರಡೇ. ಇದರಿಂದ ಪ್ರತಿಯೊಬ್ಬರಿಗೂ ಮಾತಾಡುವ, ಬರೆಯುವ ಸರದಿ ಜಾಸ್ತಿ ಸಿಗುತ್ತದಾ? ತಪ್ಪಿದ ಮೇಲೆ ಅದನ್ನೇ ಇನ್ನೊಂದು ಸಲ ಮಾಡಿ ನೋಡಲು ಆಗುತ್ತದಾ? ಎರಡಕ್ಕೂ ಇಲ್ಲ ಅಂದರೆ ಅದು ಎಷ್ಟೇ ಚೆಂದ ಇರಲಿ, ನನಗೆ ಬೇಡ.

ಯಂತ್ರದ ಮೇಲೆ ಭಾರ ಹಾಕುವ ಚಟ ಇವತ್ತಿನದಲ್ಲ. ಬಿಬಿಸಿ 1943ರಲ್ಲೇ ರೇಡಿಯೋದಲ್ಲಿ ಇಂಗ್ಲಿಷ್ ಪಾಠ ಶುರು ಮಾಡಿತ್ತು. 1960ರ ದಶಕದಲ್ಲಿ ಲ್ಯಾಂಗ್ವೇಜ್ ಲ್ಯಾಬ್‌ಗಳ ಭರಾಟೆ. ಸಾಲಾಗಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಟೇಪ್ ಹೇಳಿದ್ದನ್ನೇ ತಿರುಗಿ ಹೇಳುವುದು. ಎಷ್ಟು ಹೇಳಿದರೂ ಅದು ಯಾರದೋ ಮಾತು. ತನಗೆ ಹೇಳಬೇಕಾದ್ದನ್ನು ಹೇಳಲು ಅಲ್ಲಿ ಜಾಗವೇ ಇರಲಿಲ್ಲ. ಇವತ್ತಿನ ಎಷ್ಟೋ ಆ್ಯಪ್‌ಗಳು ಬಣ್ಣ ಬಳಿದ ಅದೇ ಲ್ಯಾಬ್ ಅಷ್ಟೇ.

ಹಂತ 1: ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಮೊದಲು ಕಂಡುಹಿಡಿಯಿರಿ

"ನಮ್ಮ ಹುಡುಗರು ಲಿಸನಿಂಗ್‌ನಲ್ಲಿ ವೀಕ್" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಹೀಗೆ ಮಾಡಿ. 20 ಸೆಕೆಂಡಿನ ಒಂದು ಆಡಿಯೋ ಎರಡು ಸಲ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಆಮೇಲೆ ಅದೇ ಮಾತನ್ನು ಅಚ್ಚಿನಲ್ಲಿ ಕೊಡಿ. ಓದಿದ ಕೂಡಲೇ "ಓ, ಇದಾ!" ಅಂದರೆ ಪದಗಳು ಗೊತ್ತಿವೆ, ಕಿವಿಗೆ ಹಿಡಿಯುತ್ತಿಲ್ಲ. ಓದಿದರೂ ಮುಖ ಹಾಗೇ ಇದ್ದರೆ ಪದಗಳೇ ಗೊತ್ತಿಲ್ಲ. ಮೊದಲನೆಯದಕ್ಕೆ ಆಡಿಯೋ ಕೆಲಸ ಬೇಕು, ಎರಡನೆಯದಕ್ಕೆ ಪದಗಳ ಕೆಲಸ. ಟೂಲ್ ಬೇರೆ ಬೇರೆ.

ಮಾತಿನಲ್ಲೂ ಹೀಗೇ. ಜೋಡಿಯಲ್ಲಿ ಮಾತಾಡಿ, ಇಡೀ ತರಗತಿಯ ಮುಂದೆ ಬಾಯಿ ಮುಚ್ಚುವವರಿಗೆ ಭಯ. ಜೋಡಿಯಲ್ಲೂ ಮಾತು ನಿಂತುಹೋಗುವವರಿಗೆ ವಾಕ್ಯ ಸಿಗುತ್ತಿಲ್ಲ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಆಗುವುದಿಲ್ಲ.

ಹಂತ 2: ಕೈಯಲ್ಲಿ ಇರುವುದನ್ನು ಎಣಿಸಿ

ನಿಮ್ಮ ಒಂದು ಫೋನ್ ಮತ್ತು ಒಂದು ಸ್ಪೀಕರ್ ಇದ್ದರೆ ಕೆಳಗಿನದರಲ್ಲಿ ಅರ್ಧ ನಡೆಯುತ್ತದೆ. ಮೂವರಿಗೆ ಒಂದು ಫೋನ್ ಅಂದರೆ ಕೊರತೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಇದ್ದರೆ ತಲೆ ತಗ್ಗಿಸಿ ಕೂರುತ್ತಾರೆ, ಮೂವರ ನಡುವೆ ಒಂದಿದ್ದರೆ ಚರ್ಚೆಯಾದರೂ ಆಗುತ್ತದೆ. ವಿದ್ಯಾರ್ಥಿಗಳ ಬಳಿ ಏನೂ ಇಲ್ಲದಿದ್ದರೆ ಪ್ಲಿಕರ್ಸ್ ಅನ್ನುವ ಆ್ಯಪ್ ನೋಡಿ. ಪ್ರತಿಯೊಬ್ಬರಿಗೂ ಒಂದು ಕಾಗದದ ಕಾರ್ಡ್. ಅದನ್ನು ತಿರುಗಿಸಿ ಹಿಡಿದ ದಿಕ್ಕೇ ಎ, ಬಿ, ಸಿ, ಡಿ ಉತ್ತರ. ನಿಮ್ಮ ಫೋನ್ ಕ್ಯಾಮೆರಾ ಒಂದು ಸಲ ತರಗತಿಯ ಮೇಲೆ ಹಾಯಿಸಿದರೆ ಯಾರು ಏನು ಹೇಳಿದರು ಅಂತ ಬಂದುಬಿಡುತ್ತದೆ. ಪಕ್ಕದವರ ಕೈ ನೋಡಿ ಕೈ ಎತ್ತುವವರ ಆಟ ಇಲ್ಲಿ ನಡೆಯುವುದಿಲ್ಲ, ಒಂದೊಂದು ಕಾರ್ಡಿನ ಆಕಾರ ಒಂದೊಂದು ಥರ.

ಹಂತ 3: ಕೇಳುವುದು

ಇಲ್ಲಿ ಟೆಕ್ನಾಲಜಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮನುಷ್ಯ ಒಂದು ವಾಕ್ಯವನ್ನು ಹತ್ತು ಸಲ ಒಂದೇ ರೀತಿ ಹೇಳಲಾರ. ಎರಡನೇ ಸಲಕ್ಕೇ ನಿಧಾನ ಆಗುತ್ತಾನೆ, ಬಿಡಿಸಿ ಬಿಡಿಸಿ ಹೇಳುತ್ತಾನೆ. ರೆಕಾರ್ಡಿಂಗ್ ಹಾಗೆ ಮಾಡುವುದಿಲ್ಲ.

ಒಂದೂವರೆ ನಿಮಿಷ ದಾಟದ ತುಣುಕು ಆರಿಸಿ. ಮೊದಲ ಸಲ ಪೂರ್ತಿ, ಮಾಮೂಲಿ ವೇಗದಲ್ಲಿ. ಮಾತಾಡುತ್ತಿರುವವರು ಯಾರು, ಅವರಿಗೆ ಏನು ಬೇಕಾಗಿದೆ, ಇಷ್ಟೇ ಪ್ರಶ್ನೆ. ಎರಡನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ ಬರೆಸಿ. ಈಗ ಅವರು ಬರೆದದ್ದನ್ನು ನೋಡಿ, ಪಾಠ ಇರುವುದೇ ಅಲ್ಲಿ.

ಒಂದು ಉದಾಹರಣೆ. ಆಡಿಯೋದಲ್ಲಿ "ಐ ಶುಡ್ ಹ್ಯಾವ್ ಟೋಲ್ಡ್ ಹಿಮ್" ಇದೆ. ಮಾತಿನ ವೇಗದಲ್ಲಿ ಅದು "ಐ ಶುಡವ್ ಟೋಲ್ಡಿಮ್" ಅಂತ ಕೇಳಿಸುತ್ತದೆ. ವಿದ್ಯಾರ್ಥಿ ಬರೆದದ್ದು "ಐ ಶುಡ್ ಟೋಲ್ಡ್". ಇದನ್ನು ನೋಡಿ, ಅಯ್ಯೋ ಗ್ರಾಮರ್ ಗೊತ್ತಿಲ್ಲ ಅಂತ ಬೋರ್ಡಿನ ಮೇಲೆ ಶುಡ್ ಹ್ಯಾವ್ ಪಾಠ ಶುರು ಮಾಡಿದಿರೋ, ಕೆಲಸ ಕೆಟ್ಟಿತು. ಅವರಿಗೆ "ಹ್ಯಾವ್" ಕಿವಿಗೇ ಬಿದ್ದಿಲ್ಲ, "ಹಿಮ್" ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಎರಡು ಸೆಕೆಂಡನ್ನು ಮಾತ್ರ ಕತ್ತರಿಸಿಕೊಳ್ಳಿ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಫೈಲ್ ತೆರೆದು, ಅಲೆಗಳಲ್ಲಿ ಬೇಕಾದ ಜಾಗವನ್ನು ಮೌಸಿನಿಂದ ಎಳೆದು ಆಯ್ದುಕೊಂಡು, ಎಫೆಕ್ಟ್ ಮೆನುವಿನಲ್ಲಿ ಚೇಂಜ್ ಟೆಂಪೊ ಒತ್ತಿ, ಶೇಕಡಾ ಮೈನಸ್ 20 ಕೊಡಿ. ವೇಗ ಇಳಿಯುತ್ತದೆ, ದನಿ ಮಾತ್ರ ದಪ್ಪ ಆಗುವುದಿಲ್ಲ. ಚೇಂಜ್ ಸ್ಪೀಡ್ ಒತ್ತಿದರೆ ದನಿಯೂ ಬದಲಾಗುತ್ತದೆ, ಅದು ಬೇಡ. ಇಷ್ಟೆಲ್ಲ ಕಷ್ಟ ಅನ್ನಿಸಿದರೆ ವಿಎಲ್‌ಸಿ ಪ್ಲೇಯರ್‌ನಲ್ಲೇ ವೇಗ ಇಳಿಸಿ. ಯೂಟ್ಯೂಬ್‌ನಲ್ಲಿ 0.75 ಇದೆ, ಕಂಪ್ಯೂಟರ್‌ನಲ್ಲಿ ಎಡ ಬಾಣದ ಕೀ ಒತ್ತಿದರೆ ಐದು ಸೆಕೆಂಡ್ ಹಿಂದೆ ಹೋಗುತ್ತದೆ. ಇನ್ನೂ ಕೆಳಗೆ ಇಳಿಸಬೇಡಿ. ಅರ್ಧ ವೇಗಕ್ಕೆ ಬಂದರೆ ಮಾತು ಎಳೆದ ರಬ್ಬರಿನ ಹಾಗೆ ಆಗುತ್ತದೆ, ಅದನ್ನು ಕೇಳಿ ಕಲಿಯುವಂಥದ್ದೇನೂ ಇರುವುದಿಲ್ಲ. ಕೊನೆಗೆ ಮಾಮೂಲಿ ವೇಗಕ್ಕೆ ಮರಳಲೇಬೇಕು. ಅದನ್ನು ಮರೆತು, ನಿಧಾನದಲ್ಲೇ ಪಾಠ ಮುಗಿಸಿಬಿಡುವವರು ಬಹಳ.

ಆಮೇಲೆ ಯೂಗ್ಲಿಷ್ ಅನ್ನುವ ತಾಣಕ್ಕೆ ಹೋಗಿ "ಶುಡ್ ಹ್ಯಾವ್ ಟೋಲ್ಡ್" ಹುಡುಕಿ. ಯೂಟ್ಯೂಬ್ ವಿಡಿಯೋಗಳಲ್ಲಿ ಆ ಪದಗಳು ಬರುವ ಜಾಗಕ್ಕೇ ಅದು ಕರೆದುಕೊಂಡು ಹೋಗುತ್ತದೆ. ಅಮೆರಿಕದ, ಬ್ರಿಟನ್ನಿನ, ಆಸ್ಟ್ರೇಲಿಯಾದ ಉಚ್ಚಾರ ಬೇರೆ ಬೇರೆ ಆರಿಸಬಹುದು. ನಾಲ್ಕೈದು ಬಾಯಲ್ಲಿ ಅದೇ ಮಾತು ಕೇಳಿದ ಮೇಲೆ ಕಿವಿ ತಾನಾಗಿ ಹಿಡಿಯುತ್ತದೆ.

ಸಬ್‌ಟೈಟಲ್ ವಿಷಯದಲ್ಲಿ ನನ್ನ ಕ್ರಮ ಇದು: ಮೊದಲು ಇಲ್ಲದೆ, ಆಮೇಲೆ ಇಂಗ್ಲಿಷ್‌ನದ್ದು, ಕೊನೆಗೆ ಮತ್ತೆ ಇಲ್ಲದೆ. ಮಾತೃಭಾಷೆಯ ಸಬ್‌ಟೈಟಲ್ ಹಾಕಿದರೆ ಕಣ್ಣು ಅಲ್ಲೇ ನಿಂತು ಕಿವಿ ನಿದ್ದೆ ಹೋಗುತ್ತದೆ. ಯಂತ್ರವೇ ಬರೆದ ಆಟೋ ಕ್ಯಾಪ್ಷನ್‌ನಲ್ಲಿ ಹೆಸರುಗಳು, ವೇಗವಾಗಿ ಆಡಿದ ಮಾತುಗಳು ಎಡವಟ್ಟಾಗುತ್ತವೆ. ಅದನ್ನೇ ಅಭ್ಯಾಸ ಮಾಡಿಬಿಡಿ. "ಈ ಕ್ಯಾಪ್ಷನ್‌ನಲ್ಲಿ ಮೂರು ತಪ್ಪಿದೆ, ಹುಡುಕಿ" ಅಂದರೆ ಎಂದೂ ಕಿವಿ ಕೊಡದವರೂ ಕಿವಿ ಕೊಡುತ್ತಾರೆ.

ಹಂತ 4: ಮಾತಾಡುವುದು

ನನ್ನನ್ನು ಕೇಳಿದರೆ ಇಡೀ ಫೋನಿನಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಅತಿ ಹೆಚ್ಚು ಉಪಯೋಗ ಆಗುವುದು ವಾಯ್ಸ್ ರೆಕಾರ್ಡರ್. ಲಾಗಿನ್ ಬೇಡ, ನೆಟ್ ಬೇಡ, ಕಲಿಸಿಕೊಡಬೇಕಾಗಿಯೂ ಇಲ್ಲ.

ವಿಷಯ ಚಿಕ್ಕದಿರಲಿ. "ನಿನ್ನೆ ನಿನಗೆ ಸಿಟ್ಟು ಬಂದ ಒಂದು ಗಳಿಗೆ" ಸಾಕು, "ಪರಿಸರ ಮಾಲಿನ್ಯ" ಬೇಡ. ಯೋಚಿಸಲು ಒಂದು ನಿಮಿಷ ಕೊಡಿ. ಕಾಗದದ ಮೇಲೆ ನಾಲ್ಕು ಪದ ಮಾತ್ರ ಬರೆದುಕೊಳ್ಳಬಹುದು, ವಾಕ್ಯ ಬರೆಯುವಂತಿಲ್ಲ. ಈಗ ಒಂದು ನಿಮಿಷ ರೆಕಾರ್ಡ್. ತಡವರಿಸಿದರೂ ನಿಲ್ಲಿಸಬಾರದು. ಆಮೇಲೆ ತಾವೇ ಕೇಳಿಕೊಂಡು, ಬದಲಾಯಿಸಬೇಕು ಅನ್ನಿಸಿದ ಒಂದೇ ಒಂದು ವಿಷಯ ಬರೆಯಬೇಕು. ಆಮೇಲೆ ಎರಡನೇ ರೆಕಾರ್ಡಿಂಗ್. ಎರಡನ್ನೂ ಉಳಿಸಿಕೊಳ್ಳಲಿ.

ತಮ್ಮ ದನಿ ಕೇಳಿ ಎಲ್ಲರೂ ಮೊದಲು ಮುಖ ಹಿಂಡುತ್ತಾರೆ. ಕಾರಣ ಹೇಳಿಬಿಡಿ: ಮಾತಾಡುವಾಗ ನಮ್ಮ ದನಿ ಗಾಳಿಯಿಂದಲೂ ಬರುತ್ತದೆ, ತಲೆಬುರುಡೆಯ ಮೂಳೆಯ ಮೂಲಕವೂ ಬರುತ್ತದೆ, ರೆಕಾರ್ಡಿಂಗ್‌ನಲ್ಲಿ ಗಾಳಿಯದ್ದು ಮಾತ್ರ. ಎಲ್ಲರಿಗೂ ಹೀಗೇ ಅಂತ ಗೊತ್ತಾದರೆ ಅರ್ಧ ನಾಚಿಕೆ ಹೋಗುತ್ತದೆ.

40 ರೆಕಾರ್ಡಿಂಗ್ ಯಾರು ಕೇಳುತ್ತಾರೆ ಅಂತೀರಾ? ನೀವೊಬ್ಬರೇ ಎಲ್ಲವನ್ನೂ ಕೇಳಬೇಕಾಗಿಲ್ಲ. ವಾರಕ್ಕೆ ಹತ್ತು ಜನರದ್ದು ಕೇಳಿ, ಸರದಿ ಹಾಕಿಕೊಳ್ಳಿ. ಉತ್ತರವನ್ನೂ ಬರೆಯಬೇಡಿ, 20 ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಿ. ನನಗೆ ಏನು ಅರ್ಥ ಆಯಿತು, ಮುಂದಿನ ಸಲ ಯಾವುದೊಂದು ಬದಲಾಯಿಸು, ಇಷ್ಟೇ. ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದದವರು ಮೇಷ್ಟ್ರ ದನಿ ಬಂದರೆ ಮಾತ್ರ ತಪ್ಪದೆ ಕೇಳುತ್ತಾರೆ.

ಒಂದು ಕಳ್ಳದಾರಿ ಇದೆ. ಮನೆಯಲ್ಲಿ ಮಾಡಿ ಅಂದರೆ ಬರೆದುಕೊಂಡು ಓದಿ ಕಳಿಸುತ್ತಾರೆ. ಎಲ್ಲೂ ತಡೆಯಿಲ್ಲ, ಉಸಿರಿಲ್ಲ, ನೆಟ್ಟಗೆ ಓಡುತ್ತದೆ, ಕೇಳಿದರೆ ಗೊತ್ತಾಗುತ್ತದೆ. ಬಯ್ದು ಪ್ರಯೋಜನ ಇಲ್ಲ, ಕೆಲಸವನ್ನೇ ಬದಲಾಯಿಸಿ. ಒಬ್ಬರು ತಮ್ಮ ಕೋಣೆ ಹೇಗಿದೆ ಅಂತ ಮಾತಿನಲ್ಲಿ ಹೇಳಿ ಕಳಿಸಲಿ, ಇನ್ನೊಬ್ಬರು ಅದನ್ನು ಕೇಳಿ ಚಿತ್ರ ಬರೆದು ಫೋಟೋ ಕಳಿಸಲಿ. ಕಿಟಕಿ ಎಡಗಡೆ ಬಂದಿರಬೇಕಾದ್ದು ಬಲಗಡೆ ಬಂದಿದ್ದರೆ ಮತ್ತೆ ಮೆಸೇಜ್, ಮತ್ತೆ ವಿವರಣೆ. ಆ ಜಗ್ಗಾಟದಲ್ಲಿ ನೆಕ್ಸ್ಟ್ ಟು, ಬಿಟ್ವೀನ್, ಆಪೊಸಿಟ್ ಎಲ್ಲ ತಾನಾಗಿ ಬರುತ್ತವೆ, ಯಾಕೆಂದರೆ ಅವಿಲ್ಲದೆ ಚಿತ್ರ ಸರಿಹೋಗುವುದೇ ಇಲ್ಲ.

ಟೈಮರ್ ಇದ್ದರೆ 4-3-2 ಆಡಿಸಿ. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳುವುದು. 1980ರ ದಶಕದಿಂದಲೂ ಬಳಕೆಯಲ್ಲಿರುವ ತಂತ್ರ. ಹೊಸಬರಿಗೆ ನಾಲ್ಕು ನಿಮಿಷ ಬೆಟ್ಟವೇ ಸರಿ. 90, 60, 45 ಸೆಕೆಂಡ್ ಇಟ್ಟುಕೊಳ್ಳಿ.

ವಾಯ್ಸ್ ಟೈಪಿಂಗ್ ಬಗ್ಗೆ ಎರಡು ಮಾತು. ಗೂಗಲ್ ಡಾಕ್ಸ್‌ನಲ್ಲಿ, ಕ್ರೋಮ್ ಬ್ರೌಸರ್ ಇದ್ದರೆ, ಟೂಲ್ಸ್ ಮೆನುವಿನಲ್ಲೇ ಸಿಗುತ್ತದೆ. ವಿದ್ಯಾರ್ಥಿ ಮಾತಾಡಿದ್ದನ್ನು ಅದು ಬರೆಯುತ್ತದೆ, ಬೇರೆ ಏನಾದರೂ ಬರೆದರೆ ಉಚ್ಚಾರ ನೋಡಿಕೊಳ್ಳಬೇಕು. ಆದರೆ ಯಂತ್ರ ಅಕ್ಕಪಕ್ಕದ ಪದ ನೋಡಿ ಊಹೆ ಮಾಡುತ್ತದೆ. "ದ ಶೀಪ್ ಸೇಲ್ಡ್ ಅಕ್ರಾಸ್ ದ ಓಷನ್" ಅಂದರೂ "ಶಿಪ್" ಅಂತ ಸರಿಯಾಗಿಯೇ ಬರೆದುಬಿಡಬಹುದು. ಹಾಗಾಗಿ ಎರಡೂ ಹೊಂದುವ ವಾಕ್ಯ ಕೊಡಿ: "ಐ ಸಾ ಎ ಶಿಪ್", "ಐ ಸಾ ಎ ಶೀಪ್". ಇದನ್ನು ಆಟಕ್ಕೆ ಇಟ್ಟುಕೊಳ್ಳಿ, ಅಂಕ ಕೊಡಲು ಬಳಸಬೇಡಿ. ಸರಿಯಾಗಿ ಹೇಳಿದ್ದನ್ನೂ ಅದು ತಪ್ಪು ಬರೆಯುವುದುಂಟು.

ಹಂತ 5: ಪದಗಳು

ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದ. ಮರೆಯುವ ಹೊತ್ತಿಗೆ ಮತ್ತೆ ನೆನಪಿಸಿಕೊಂಡರೆ ಗಟ್ಟಿಯಾಗುತ್ತದೆ. ಆಂಕಿ ಅನ್ನುವ ಫ್ಲ್ಯಾಶ್‌ಕಾರ್ಡ್ ಸಾಫ್ಟ್‌ವೇರ್ ಈ ಲೆಕ್ಕವನ್ನೇ ನಮ್ಮ ಪರವಾಗಿ ಇಡುತ್ತದೆ. ಕಂಪ್ಯೂಟರ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ.

ಕಾರ್ಡ್ ಮಾಡುವ ರೀತಿಯಲ್ಲೇ ಎಲ್ಲ ಇದೆ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಅರ್ಥ, ಇದು ಸುಲಭ, ಆದರೆ ಇದರಿಂದ ಪದ ಗೊತ್ತಾಗುತ್ತದೆ, ಬಳಸಲು ಬರುವುದಿಲ್ಲ. "ಐ ಡಿಡ್ ಎ ಮಿಸ್ಟೇಕ್" ಅನ್ನುವವರಿಗೆ ಮಿಸ್ಟೇಕ್ ಅರ್ಥ ಚೆನ್ನಾಗೇ ಗೊತ್ತು, ಅಲ್ವಾ? ಹಾಗಾಗಿ ಕಾರ್ಡಿನ ಮುಂದೆ ಖಾಲಿ ಜಾಗ ಇರುವ ವಾಕ್ಯ ಹಾಕಿ: "ಸಾರಿ, ಐ ____ ಎ ಮಿಸ್ಟೇಕ್." ಹಿಂದೆ "ಮೇಡ್". ಆಂಕಿಯಲ್ಲಿ ಇದಕ್ಕೆ ಕ್ಲೋಜ್ ಅನ್ನುವ ಕಾರ್ಡ್ ಬಗೆಯೇ ಇದೆ. ಯಾವ ಪದದ ಜೊತೆ ಯಾವುದು ಹೋಗುತ್ತದೆ ಅನ್ನುವ ಅನುಮಾನ ಬಂದರೆ ಸ್ಕೆಲ್ ಅನ್ನುವ ಉಚಿತ ತಾಣದಲ್ಲಿ ಪದ ಹಾಕಿ ನೋಡಿ. ನಿಜವಾದ ಬರಹಗಳಿಂದ ತೆಗೆದ ವಾಕ್ಯಗಳು ಸಾಲಾಗಿ ಬರುತ್ತವೆ. ನೀವು ನಿಯಮ ಹೇಳುವ ಬದಲು ಆ ಸಾಲುಗಳನ್ನು ಪರದೆಯ ಮೇಲೆ ಹಾಕಿ, "ಮಿಸ್ಟೇಕ್ ಮುಂಚೆ ಏನು ಬರ್ತಿದೆ ನೋಡಿ" ಅನ್ನಿ. ಅವರೇ ಹೇಳುತ್ತಾರೆ.

ಆಂಕಿ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ಸೆಟ್ಟಿಂಗ್‌ನಲ್ಲಿ 5ಕ್ಕೆ ಇಳಿಸಿ. ಇಲ್ಲದಿದ್ದರೆ ಹಳೇ ಕಾರ್ಡುಗಳ ರಾಶಿ ಬಿದ್ದು ವಾರದಲ್ಲೇ ಬಿಟ್ಟುಬಿಡುತ್ತಾರೆ. ಯಾವ ಪದ ಮೊದಲು ಅಂತ ಗೊತ್ತಾಗದಿದ್ದರೆ 2013ರಲ್ಲಿ ಬಂದ ನ್ಯೂ ಜನರಲ್ ಸರ್ವಿಸ್ ಲಿಸ್ಟ್ ಇದೆ. ಬಳಕೆ ಜಾಸ್ತಿ ಇರುವ ಸುಮಾರು 2,800 ಪದ, ಉಚಿತವಾಗಿ ಸಿಗುತ್ತದೆ.

ಹಂತ 6: ಬರೆಯುವುದು, ಜೊತೆಗೆ ಎಐ

ಮೊದಲು ಹಳೇ ವಿಷಯ. ಗೂಗಲ್ ಡಾಕ್ಸ್‌ನಲ್ಲಿ ಬರೆಸಿದರೆ ಬರವಣಿಗೆ ಬೆಳೆದ ದಾರಿ ಪೂರ್ತಿ ಸಿಗುತ್ತದೆ. ವರ್ಷನ್ ಹಿಸ್ಟರಿ ತೆರೆದು ನೋಡಿ. ಒಂದು ಪ್ಯಾರಾ ಅರ್ಧ ಗಂಟೆಯಲ್ಲಿ ಅಳಿಸಿ, ತಿದ್ದಿ, ಬೆಳೆಯಿತಾ ಅಥವಾ ಒಂದೇ ಏಟಿಗೆ ಪೂರ್ತಿ ಬಂದು ಕೂತಿತಾ ಅಂತ ಕಾಣುತ್ತದೆ. ತಿದ್ದುವಾಗ ನೀವೇ ಸರಿಮಾಡಬೇಡಿ. ತಪ್ಪಿರುವ ಜಾಗಕ್ಕೆ ಕಾಮೆಂಟ್ ಹಾಕಿ "ಕಾಲ ನೋಡು", "ಇದರ ಕರ್ತೃ ಯಾರು?" ಅಂತ ಬರೆದು ಬಿಡಿ. ಸರಿಮಾಡುವ ಕೆಲಸ ಅವರದ್ದು.

ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಯಲ್ಲಿ ಬಂದ ಮೇಲೆ "ಮನೆಯಲ್ಲಿ ಪ್ರಬಂಧ ಬರೆದುಕೊಂಡು ಬಾ" ಅನ್ನುವ ಹೋಮ್‌ವರ್ಕ್ ಸತ್ತುಹೋಯಿತು. ಎಐ ಬರೆದದ್ದನ್ನು ಹಿಡಿಯುತ್ತೇವೆ ಅನ್ನುವ ಡಿಟೆಕ್ಟರ್‌ಗಳನ್ನು ನಂಬಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರನ್ನು, ಸರಿಯಾಗಿ ಹಿಡಿಯುತ್ತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆಯುವ ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಅವು ಎಐ ಬರೆದದ್ದು ಅಂದವು. ಸರಳ ಪದ, ಸರಳ ವಾಕ್ಯ ಬಳಸುವವರ ಮೇಲೇ ಅನುಮಾನ. ನಮ್ಮ ವಿದ್ಯಾರ್ಥಿಗಳು ಬರೆಯುವುದೇ ಹಾಗೆ. ಪಾಪ, ಕಷ್ಟಪಟ್ಟು ಬರೆದವರ ಮೇಲೆ ಕಳ್ಳತನದ ಆರೋಪ ಹೊರಿಸಿದ ಹಾಗಾಗುತ್ತದೆ. ಮೊದಲ ಕರಡನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ, ಎಐ ಆಮೇಲೆ ಬರಲಿ.

ಆಮೇಲೆ ಹೇಗೆ? ವಿದ್ಯಾರ್ಥಿ ತನ್ನ ಕರಡನ್ನು ಹಾಕಿ ಹೀಗೆ ಕೇಳಲಿ: "ಇದನ್ನು ತಿದ್ದಿ ಬರೆಯಬೇಡ. ತಪ್ಪಿರುವ ಮೂರು ವಾಕ್ಯ ಯಾವುದು ಅಂತ ತೋರಿಸು. ಪ್ರತಿಯೊಂದಕ್ಕೂ ಒಂದು ಸುಳಿವು ಕೊಡು. ಸರಿಯಾದ ಉತ್ತರ ಹೇಳಬೇಡ." ಈ "ಬೇಡ" ಅನ್ನುವ ಮಾತುಗಳನ್ನು ಬಿಟ್ಟರೆ ಅದು ಇಡೀ ಪ್ರಬಂಧವನ್ನು ನುಣುಪಾಗಿ ಬರೆದುಕೊಟ್ಟುಬಿಡುತ್ತದೆ, ಹುಡುಗ ಅದನ್ನೇ ನಕಲು ಮಾಡುತ್ತಾನೆ, ಕಲಿತದ್ದು ಸೊನ್ನೆ.

ಮೇಷ್ಟ್ರಿಗೆ ಎಐ ಹೆಚ್ಚು ಉಪಯೋಗ ಆಗುವುದು ಪಾಠ ಸಿದ್ಧಮಾಡುವಾಗ. ಒಂದು ಸುದ್ದಿ ತುಣುಕು ಕೊಟ್ಟು "ಸಿಇಎಫ್ಆರ್ ಎ2 ಮಟ್ಟಕ್ಕೆ, 150 ಪದದ ಒಳಗೆ, ಈ ಆರು ಕ್ರಿಯಾಪದಗಳನ್ನು ಭೂತಕಾಲದಲ್ಲಿ ಬಳಸಿ ಬರೆ" ಅಂದರೆ ನಿಮಿಷದಲ್ಲಿ ಸಿದ್ಧ. (ಸಿಇಎಫ್ಆರ್ ಅಂದರೆ ಭಾಷೆ ಎಷ್ಟು ಬರುತ್ತದೆ ಅಂತ ಹೇಳುವ ಯುರೋಪಿನ ಅಳತೆಪಟ್ಟಿ, ಎ2 ಅದರಲ್ಲಿ ಕೆಳಗಿನಿಂದ ಎರಡನೇ ಮಟ್ಟ.) ಆದರೆ ಕೊಟ್ಟದ್ದನ್ನು ಹಾಗೇ ಪ್ರಿಂಟ್ ಹಾಕಬೇಡಿ. ಎ2 ಅಂದರೂ ನಡುವೆ ಕಷ್ಟದ ಪದ ನುಸುಳಿರುತ್ತದೆ. ಲೆಕ್ಸ್‌ಟ್ಯೂಟರ್ ತಾಣದ ವೊಕ್ಯಾಬ್ ಪ್ರೊಫೈಲರ್‌ಗೆ ಅಂಟಿಸಿದರೆ ಅಪರೂಪದ ಪದಗಳು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ. ಪ್ರಶ್ನೆ ಮಾಡಿಸಿದರೆ ಆಯ್ಕೆಗಳ ಉದ್ದ ನೋಡಿ. ಸರಿಯುತ್ತರವೇ ಎಲ್ಲಕ್ಕಿಂತ ಉದ್ದವಾಗಿದ್ದರೆ ಪಾಠ ಓದದೆಯೂ ಗುರುತು ಹಾಕಬಹುದು. ಮೂಲದಲ್ಲಿ ಇಲ್ಲದ ಅಂಕಿ ಅಂಶವನ್ನೂ ಅದು ಧೈರ್ಯವಾಗಿ ಸೇರಿಸುತ್ತದೆ, ಒಂದು ಸಲ ಹೋಲಿಸಿ ನೋಡಿಕೊಳ್ಳಿ.

ಎಐ ಜೊತೆ ಮಾತಾಡಿಸುವುದಾದರೆ ಪಾತ್ರ ಕೊಡಿ. "ನೀನು ಹೋಟೆಲ್ ರಿಸೆಪ್ಷನಿಸ್ಟ್, ನನ್ನ ಬುಕಿಂಗ್ ಕಾಣೆಯಾಗಿದೆ. ಒಂದು ಸಲಕ್ಕೆ ಒಂದೇ ವಾಕ್ಯ ಮಾತಾಡು. ನಡುವೆ ತಿದ್ದಬೇಡ, ಮುಗಿದ ಮೇಲೆ ಮೂರು ತಪ್ಪು ಹೇಳು." ಮನುಷ್ಯರ ಮುಂದೆ ನಾಚುವವರಿಗೆ ಇದು ಒಳ್ಳೇ ಅಭ್ಯಾಸ. ಆದರೆ ಎಐ ಯಾವತ್ತೂ ಬೇಸರ ಪಡುವುದಿಲ್ಲ, ಎಂಥ ಒಡೆದ ವಾಕ್ಯವನ್ನೂ ಅರ್ಥ ಮಾಡಿಕೊಂಡುಬಿಡುತ್ತದೆ. ಎದುರಿಗಿರುವ ಮನುಷ್ಯ "ಏನಂದ್ರಿ?" ಅಂದಾಗ ಬೇರೆ ಮಾತಲ್ಲಿ ಹೇಳುವುದನ್ನು ಅದು ಕಲಿಸುವುದಿಲ್ಲ.

ಕ್ವಿಜ್ ಆಟಗಳು

ಕಹೂಟ್, ಕ್ವಿಜ್ಲೆಟ್ ಎಲ್ಲ ಸರಿ, ಗಲಾಟೆ ಮಜಾ ಇರುತ್ತದೆ. ವಾರಕ್ಕೆ ಹತ್ತು ನಿಮಿಷ ಸಾಕು. ನಾಲ್ಕರಲ್ಲಿ ಒಂದು ಒತ್ತುವುದು ಇಂಗ್ಲಿಷ್ ಮಾತಾಡಿದಂತೆ ಅಲ್ಲ. ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದಲೇ ಬರೆಸಿದರೆ ಮಾತ್ರ ಅದಕ್ಕೊಂದು ತೂಕ ಬರುತ್ತದೆ.

ಪಾಠಕ್ಕೆ ಹೋಗುವ ಮುಂಚೆ

ಆಡಿಯೋ, ವಿಡಿಯೋ ಎಲ್ಲ ಹಿಂದಿನ ದಿನವೇ ಫೋನಿಗೆ ಇಳಿಸಿಕೊಳ್ಳಿ, ನೆಟ್ ನಂಬಿ ಹೋಗಬೇಡಿ. ಸ್ಪೀಕರ್ ದನಿ ಕೊನೆಯ ಬೆಂಚಿಗೆ ಕೇಳುತ್ತದಾ ಅಂತ ಅಲ್ಲೇ ನಿಂತು ನೋಡಿ. ಕರೆಂಟ್ ಹೋದರೂ ನಡೆಯುವ ಒಂದು ಕೆಲಸ ತಲೆಯಲ್ಲಿರಲಿ, ಸುಮ್ನೆ ಕೂರಿಸುವುದಕ್ಕಿಂತ ಮೇಲು.

ದನಿ, ಮುಖ ಇರುವ ರೆಕಾರ್ಡಿಂಗ್‌ಗಳನ್ನು ಗುಂಪಿನಲ್ಲಿ ಹಾಕಿಸಬೇಡಿ, ನಿಮಗೆ ಮಾತ್ರ ಬರಲಿ. ಚಿಕ್ಕವರಾದರೆ ಮನೆಯವರ ಒಪ್ಪಿಗೆ ಬೇಕು. ಚಾಟ್‌ಜಿಪಿಟಿ 13 ವರ್ಷದ ಒಳಗಿನವರಿಗೆ ಇಲ್ಲ, 18ರ ಒಳಗಿನವರಿಗೆ ಪೋಷಕರ ಅನುಮತಿ ಬೇಕು ಅಂತ ಅವರದ್ದೇ ನಿಯಮ ಇದೆ. ವಿದ್ಯಾರ್ಥಿಯ ಪೂರ್ತಿ ಹೆಸರು ಇರುವ ಬರಹವನ್ನು ನೀವಾಗಿಯೂ ಅದಕ್ಕೆ ಕೊಡಬೇಡಿ.

ಇಷ್ಟನ್ನೂ ಒಂದೇ ಸಲ ಶುರು ಮಾಡಬೇಡಿ. ಮೊದಲ ತಿಂಗಳು ರೆಕಾರ್ಡಿಂಗ್ ಒಂದನ್ನೇ ಹಿಡಿಯಿರಿ. ತಿಂಗಳ ಕೊನೆಗೆ ಮೊದಲ ವಾರದ ವಿಷಯವನ್ನೇ ಮತ್ತೆ ಕೊಟ್ಟು, ಒಬ್ಬೊಬ್ಬರ ಎರಡು ರೆಕಾರ್ಡಿಂಗ್ ಪಕ್ಕಪಕ್ಕ ಕೇಳಿ. ಒಂದು ನಿಮಿಷದಲ್ಲಿ ಎಷ್ಟು ಪದ ಬಂತು, ಎರಡು ಸೆಕೆಂಡಿಗಿಂತ ಉದ್ದದ ಮೌನ ಎಷ್ಟು ಸಲ, ಅಷ್ಟನ್ನು ಎಣಿಸಿದರೆ ಸಾಕು. ಸುಧಾರಿಸಿದ್ದರೆ ಆಂಕಿ ಸೇರಿಸಿ. ಇಲ್ಲದಿದ್ದರೆ ಹೊಸ ಆ್ಯಪ್ ಹುಡುಕಬೇಡಿ, ಕೊಟ್ಟ ವಿಷಯ ಮತ್ತು ಕೊಟ್ಟ ಸಮಯ ಬದಲಾಯಿಸಿ ಇನ್ನೊಂದು ತಿಂಗಳು ಅದನ್ನೇ ಮಾಡಿಸಿ.